ಅಪ್ಪನ ಎಡಗೈ ಮತ್ತು ಮನೆಗೇ ಬರುವ ಫಿಸಿಯೋಥೆರಪಿ: ಆರು ತಿಂಗಳ ಅನುಭವ

ಕುಶಾಲನಗರದಿಂದ ಮನೆಗೇ ಬಂದು ಫಿಸಿಯೋಥೆರಪಿ ಮಾಡುವ ಒಂದು ಸಣ್ಣ ತಂಡದ ಬಗ್ಗೆ ಬರೆಯುತ್ತಿದ್ದೇನೆ. ಒಬ್ಬರು ಮೇಡಂ, ಅವರ ಕೈಕೆಳಗೆ ಇಬ್ಬರು ಹುಡುಗರು, ಹದಿನೈದು ದಿನಕ್ಕೊಮ್ಮೆ ಮೈಸೂರಿನಿಂದ ಬರುವ ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟ್ (ಊಟ, ಬಟ್ಟೆಯಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವವರು). ಇಷ್ಟೇ ತಂಡ. ಫೆಬ್ರವರಿಯಿಂದ ನಮ್ಮ ಮನೆಗೆ ಬರುತ್ತಿದ್ದಾರೆ. ಒಂದೆರಡು ದೂರು ಕೂಡ ಹೇಳುವುದಿದೆ, ಅದಕ್ಕೆ ಹೆಸರು ಹಾಕುತ್ತಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ಸ್ಟ್ರೋಕ್ ಅಂದರೆ ಕೈಕಾಲು ಬಿದ್ದುಹೋಗುವುದು ಅಂತ ಅಷ್ಟೇ ತಿಳಿದುಕೊಂಡಿದ್ದೆ. ಕೈ ಬಿದ್ದುಹೋಗಿದೆ ಅನ್ನುವುದೇ ಆ ಮನುಷ್ಯನಿಗೆ ಗೊತ್ತಾಗದೆ ಇರಬಹುದು ಅಂತ ಗೊತ್ತಿರಲಿಲ್ಲ. ಆ ಎರಡನೆಯದನ್ನು ಅರ್ಥ ಮಾಡಿಕೊಂಡವರು ಈ ಮೇಡಂ. ನಾಲ್ಕು ಸ್ಟಾರ್ ಅದಕ್ಕೆ.

ನಮ್ಮದು ಸೋಮವಾರಪೇಟೆಯಿಂದ ಮಾದಾಪುರದ ದಾರಿಯಲ್ಲಿ ನಾಲ್ಕು ಎಕರೆ ಕಾಫಿ. ತೋಟ ನೋಡಿಕೊಳ್ಳುವುದು ತಮ್ಮ. ನಾನು ಊರಿನ ಶಾಲೆಯಲ್ಲಿ ಟೀಚರ್. ಜನವರಿ ಎರಡನೇ ವಾರ, ಕುಯ್ಲು ಜೋರಾಗಿತ್ತು. ಬೆಳಗ್ಗೆ ಏಳು ಗಂಟೆಗೆ ಅಪ್ಪ ಕಣದಲ್ಲಿ ಕಾಫಿ ಹರಡುತ್ತಿದ್ದರು. ಅವ್ವ ಬೆಲ್ಲದ ಕಾಫಿ ತಂದುಕೊಟ್ಟಳು. ಕುಡಿದದ್ದು ಬಾಯಿಯ ಎಡಗಡೆಯಿಂದ ಅಂಗಿ ಮೇಲೆ ಇಳಿಯಿತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಎಡಗಾಲು ಎಳೆಯುತ್ತಿತ್ತು. ಅವ್ವ ಏನಾಯ್ತು ಅಂದರೆ, "ಏನೂ ಆಗಿಲ್ಲ ಮಾರಾಯ್ತಿ, ಸುಮ್ನಿರು" ಅಂದರು. ಅವರೇ ಅಷ್ಟು ಗಟ್ಟಿಯಾಗಿ ಹೇಳುವಾಗ ಅವ್ವನೂ ಸುಮ್ಮನಾದಳು. ಹತ್ತು ಗಂಟೆಗೆ ತಮ್ಮ ಬಂದು ನೋಡಿ, ಎತ್ತಿ ಜೀಪಿಗೆ ಹಾಕಿದ. ದಾರಿಯುದ್ದಕ್ಕೂ ಜಗಳ. ನನಗೇನಾಗಿದೆ ಅಂತ ಕರೆದುಕೊಂಡು ಹೋಗ್ತಿದ್ದೀರಿ, ಕಣದಲ್ಲಿ ಕಾಫಿ ಹಾಗೇ ಬಿದ್ದಿದೆ, ಅಂತ. ಮೈಸೂರು ಮುಟ್ಟುವಾಗ ಮಧ್ಯಾಹ್ನ ಒಂದೂವರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಮ್ಮ ಹೊತ್ತು ಮೀರಿತ್ತು.

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, "ನನಗೇನೂ ಆಗಿಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅವರ ಮಾತು ಕೇಳುತ್ತಾ ಕೂರಬೇಡಿ. ಹಾಗೆ ಹೇಳಿಸುವುದೂ ಕೆಲವು ಸಲ ಆ ಕಾಯಿಲೆಯೇ.

ಹನ್ನೆರಡು ದಿನಕ್ಕೆ ಮನೆಗೆ ಕಳಿಸಿದರು. ಮೆದುಳಿನ ಬಲಗಡೆ ರಕ್ತನಾಳ ಕಟ್ಟಿ, ಎಡಗೈ ಎಡಗಾಲಿಗೆ ಲಕ್ವ. ಚೀಟಿಯಲ್ಲಿ ಇದ್ದದ್ದು ಇಷ್ಟೇ. ಮನೆಗೆ ಬಂದ ಮೂರನೇ ರಾತ್ರಿ ಅಪ್ಪ ಕೂಗಿಕೊಂಡರು. ಲೈಟ್ ಹಾಕಿದೆ. ಬಲಗೈಯಿಂದ ತಮ್ಮ ಎಡಗೈಯನ್ನು ಹಿಡಿದು ಹಾಸಿಗೆಯಿಂದ ಆಚೆ ತಳ್ಳುತ್ತಿದ್ದರು.

"ಇದ್ಯಾರ ಕೈ ಇಲ್ಲಿ? ತೆಗೀರಿ."

"ನಿಮ್ಮದೇ ಕೈ ಅಪ್ಪ."

"ನನ್ನದಲ್ಲ. ಇದು ನಿನ್ನ ಚಿಕ್ಕಪ್ಪನ ಕೈ."

ಚಿಕ್ಕಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿದೆ. ಅಪ್ಪ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಬೆರಳಲ್ಲಿ ಅವರ ಮದುವೆಯ ಉಂಗುರ ಇತ್ತು. "ನನ್ನ ಉಂಗುರ ಅವನು ಯಾಕೆ ಹಾಕ್ಕೊಂಡಿದ್ದಾನೆ?" ಅಂತ ಮೆತ್ತಗೆ ಕೇಳಿದರು. ಕೋಪ ಇರಲಿಲ್ಲ. ತೀರಿಕೊಂಡ ಆ ತಮ್ಮನ ಮೇಲೆ ಅಯ್ಯೋ ಅನ್ನಿಸಿದ ಹಾಗಿತ್ತು ಆ ದನಿ.

ಬೆಳಗ್ಗೆ ವಿಷಯ ಕೇಳಿದ ಅತ್ತೆ, ಸತ್ತವನ ಗಾಳಿ ಬಡಿದಿದೆ, ಪೂಜೆ ಮಾಡಿಸಿ ಅಂದರು. ಬೇರೆಯವರು ತಲೆ ಕೆಟ್ಟಿದೆ ಅಂದರು. ಆದರೆ ಅದೇ ಬೆಳಗ್ಗೆ ಅಪ್ಪ ಕಾಫಿ ಚೆರ್ರಿ ಮೂಟೆಗೆ ಎಷ್ಟು ನಡೀತಿದೆ ಅಂತ ತಮ್ಮನನ್ನು ಕೇಳಿ, ಹೋದ ವರ್ಷದ ರೇಟಿನ ಜೊತೆ ಹೋಲಿಸಿ, ಇನ್ನೆರಡು ವಾರ ತಡಿ, ಮಾರಬೇಡ ಅಂದಿದ್ದರು. ಲೆಕ್ಕ ಒಂದು ಪೈಸೆ ತಪ್ಪಿರಲಿಲ್ಲ. ಇದನ್ನು ಹುಚ್ಚು ಅನ್ನೋಕಾಗುತ್ತಾ?

ಆ ವಾರವೇ ಫೋನ್ ಮಾಡಿದ್ದು ಈ ತಂಡಕ್ಕೆ.

ಮೊದಲು ದೂರು ಹೇಳಿಬಿಡುತ್ತೇನೆ. ಮೊದಲ ನಾಲ್ಕು ಸಲ ಬಂದದ್ದು ಒಬ್ಬ ಹುಡುಗ. ಒಳ್ಳೆಯವನೇ, ಕೈಕಾಲಿನ ವ್ಯಾಯಾಮ ಸರಿಯಾಗಿ ಮಾಡಿಸುತ್ತಿದ್ದ. ಆದರೆ ಅಪ್ಪ ಎಡಗಡೆ ನೋಡದೆ ಇದ್ದರೆ, "ಅಂಕಲ್, ನೀವು ಮನಸ್ಸು ಮಾಡ್ತಾ ಇಲ್ಲ" ಅಂತ ಗದರುತ್ತಿದ್ದ. ನಾವೂ ಅದನ್ನೇ ನಂಬಿದೆವು. ಅಪ್ಪನಿಗೆ ಹಠ ಅಂದುಕೊಂಡು ನಾನೂ ಒಂದು ದಿನ ಜೋರಾಗಿ ಬೈದೆ. ಆ ಬೈಗುಳ ನೆನಪಾದರೆ ಈಗಲೂ ನನಗೆ ನೋವಾಗುತ್ತದೆ. ನಾಲ್ಕನೇ ಸಲ ಅಪ್ಪ ಆ ಹುಡುಗನಿಗೆ ಬೆನ್ನು ಹಾಕಿ ಮಲಗಿಬಿಟ್ಟರು. ನಾನು ಮೇಡಂಗೆ ಫೋನ್ ಮಾಡಿ ಚಿಕ್ಕಪ್ಪನ ಕೈಯ ವಿಷಯ ಹೇಳಿದೆ. ಆಚೆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಇದನ್ನ ಮೊದಲ ದಿನವೇ ನಾವು ಕೇಳಬೇಕಿತ್ತು ಅಕ್ಕಾ. ನಾಳೆ ನಾನೇ ಬರ್ತೇನೆ" ಅಂದರು. ಬಂದರು.

ಬಂದವರು ಅಪ್ಪನ ಬಲಗಡೆ ಕುರ್ಚಿ ಹಾಕಿಕೊಂಡು ಕೂತು ಮಾತಾಡಿಸಿದರು. ತೋಟ, ಮೆಣಸು, ಮಳೆ. ಆಮೇಲೆ ಒಂದು ಕಾಗದ ಕೊಟ್ಟು ಗಡಿಯಾರ ಬರೆಯಿರಿ ಅಂದರು. ಅಪ್ಪ ದುಂಡಗೆ ಗೆರೆ ಎಳೆದು, ಹನ್ನೆರಡರಿಂದ ಆರರವರೆಗಿನ ಅಂಕಿ ಬಲಗಡೆ ಬರೆದರು. ಎಡಗಡೆ ಪೂರ್ತಿ ಖಾಲಿ. ಸರಿಯಾಗಿದೆಯಾ ಅಂದರೆ ಸರಿಯಾಗಿದೆ ಅಂದರು. ಒಂದು ಉದ್ದ ಗೆರೆಯ ನಡುವೆ ಗುರುತು ಹಾಕಿ ಅಂದರೆ, ಬಲದ ತುದಿಯ ಹತ್ತಿರ ಹಾಕಿದರು.

"ತಾತಾ, ಎರಡೂ ಕೈಯಲ್ಲಿ ಚಪ್ಪಾಳೆ ತಟ್ತೀರಾ?"

ಅಪ್ಪ ಬಲಗೈ ಎತ್ತಿದರು. ಎದೆಯ ಮುಂದೆ ಗಾಳಿಯಲ್ಲಿ ತಂದು ನಿಲ್ಲಿಸಿದರು. ಮತ್ತೆ ಹಿಂದೆ, ಮತ್ತೆ ಮುಂದೆ. ಮೂರು ಸಲ. ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಕೋಣೆಯಲ್ಲಿ ಸದ್ದೇ ಇಲ್ಲ.

"ತಟ್ಟಿದ್ರಾ?"

"ತಟ್ಟಿದೆನಲ್ಲ ಮಗಳೇ. ನಿನಗೆ ಕೇಳಿಸಲಿಲ್ವಾ?"

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಹೋದಳು. ಮೇಡಂ ಮಾತ್ರ ವಾದ ಮಾಡಲಿಲ್ಲ, ಗದರಲಿಲ್ಲ. "ಸರಿ ತಾತಾ" ಅಂದು ಏನೋ ಬರೆದುಕೊಂಡರು.

ಜಗುಲಿಯಲ್ಲಿ ಕೂತು ನಮಗೆ ವಿವರಿಸಿದ್ದು ಹೀಗೆ. ಮೆದುಳಿನ ಎಡಭಾಗ ಹೆಚ್ಚಾಗಿ ನಮ್ಮ ಬಲಗಡೆಯ ಮೇಲೆ ಗಮನ ಇಡುತ್ತದೆ. ಬಲಭಾಗ ಎರಡೂ ಕಡೆ ನೋಡಿಕೊಳ್ಳುತ್ತದೆ. ಬಲಭಾಗಕ್ಕೆ ಪೆಟ್ಟು ಬಿದ್ದರೆ ಎಡಗಡೆಯನ್ನು ಕಾಯುವವರೇ ಇಲ್ಲ. ಕಣ್ಣು ಸರಿ ಇದ್ದರೂ ಎಡಗಡೆಯ ಪ್ರಪಂಚ ಲೆಕ್ಕಕ್ಕೆ ಬರುವುದಿಲ್ಲ. ಇದು ಒಂದು. ಕೈ ಬರುತ್ತಿಲ್ಲ ಅನ್ನುವುದೇ ಗೊತ್ತಾಗದಿರುವುದು ಇನ್ನೊಂದು. ಅದಕ್ಕೆ ಅನೊಸೊಗ್ನೋಸಿಯಾ ಅಂತ 1914ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಬಬಿನ್‌ಸ್ಕಿ ಹೆಸರಿಟ್ಟರು. ನನ್ನ ಕೈ ನನ್ನದಲ್ಲ, ಇನ್ಯಾರದ್ದೋ ಅನ್ನುವುದಕ್ಕೆ ಸೊಮಾಟೊಪ್ಯಾರಾಫ್ರೇನಿಯಾ ಅಂತಾರೆ, 1942ರಲ್ಲಿ ಗೆರ್ಸ್ಟ್‌ಮನ್ ಕೊಟ್ಟ ಹೆಸರು. ಮನೆಯವರ ಕೈ, ಸತ್ತವರ ಕೈ ಅಂತ ಹೇಳುವವರು ಬೇರೆ ದೇಶಗಳಲ್ಲೂ ಇದ್ದಾರಂತೆ. ಅತ್ತೆಗೆ ನಾನು ಇದನ್ನೇ ಹೇಳಿದೆ. ಪೂಜೆಯ ಮಾತು ಅಲ್ಲಿಗೆ ನಿಂತಿತು.

ಆಮೇಲೆ ನಾನೂ ಒಂದಷ್ಟು ಓದಿದೆ. ವಿಲಿಯಂ ಡಗ್ಲಸ್ ಅಂತ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1974ರ ಡಿಸೆಂಬರ್ 31ಕ್ಕೆ ಸ್ಟ್ರೋಕ್ ಆಗಿ ಎಡಗಡೆ ಹೋಯಿತು. ಆ ಕಾಲಲ್ಲೇ ಫುಟ್‌ಬಾಲ್ ಒದೆಯುತ್ತಿದ್ದೇನೆ ಅಂತ ಪತ್ರಕರ್ತರಿಗೆ ಹೇಳಿದ್ದರಂತೆ. ಕೊನೆಗೆ 1975ರ ನವೆಂಬರಿನಲ್ಲಿ ನಿವೃತ್ತಿ ತೆಗೆದುಕೊಂಡರು. ಅಷ್ಟು ದೊಡ್ಡ ನ್ಯಾಯಾಧೀಶರಿಗೇ ಹೀಗಾಗುತ್ತದೆ ಅಂದರೆ ಇದು ಬುದ್ಧಿಯ ಕೊರತೆ ಅಲ್ಲ, ಹಠವೂ ಅಲ್ಲ ಅಂತ ಮನೆಯವರಿಗೆಲ್ಲ ಹೇಳಲು ನನಗೆ ಧೈರ್ಯ ಬಂತು.

ಮೇಡಂ ಮಾಡಿಸಿದ ಬದಲಾವಣೆಗಳಲ್ಲಿ ತಟ್ಟೆಯದ್ದು ಮೊದಲು. ಅಪ್ಪ ಅಕ್ಕಿ ರೊಟ್ಟಿಯ ಬಲಭಾಗ ಮಾತ್ರ ತಿಂದು, ಚಟ್ನಿ ಯಾಕೆ ಹಾಕಿಲ್ಲ ಅಂತ ಅವ್ವನ ಮೇಲೆ ರೇಗುತ್ತಿದ್ದರು. ಚಟ್ನಿ ಎಡಗಡೆ ಇರುತ್ತಿತ್ತು. ಅವ್ವ ತಟ್ಟೆ ತಿರುಗಿಸಿ ಕೊಡುತ್ತಿದ್ದಳು. ಮೇಡಂ ಅದು ಬೇಡ ಅಂದರು. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿದರು. "ಕೆಂಪು ಕಾಣುವ ತನಕ ಕತ್ತು ತಿರುಗಿಸಿ ತಾತಾ." ಪ್ರತಿ ಊಟಕ್ಕೂ ಇದೇ ಮಾತು. ಪೇಪರಿನ ಎಡ ಅಂಚಿಗೂ ಕೆಂಪು ಗೆರೆ. ಟಿವಿ ಅಪ್ಪನ ಎಡಕ್ಕೆ ಬಂತು. ಮೊದಲು ಬಲಗಡೆ ಕೂತು ಮಾತಾಡಿಸುತ್ತಿದ್ದ ಮೇಡಂ ವಾರ ವಾರಕ್ಕೆ ಕುರ್ಚಿಯನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಸುತ್ತಾ ಹೋದರು. ಮಾರ್ಚ್ ಕೊನೆಗೆ ಪೂರ್ತಿ ಎಡಗಡೆ ಕೂತಿದ್ದರು. ಈ ತಾಳ್ಮೆಗೆ ನಾನು ಎಷ್ಟು ದುಡ್ಡಾದರೂ ಕೊಟ್ಟೇನು.

ಎಡಗೈಯನ್ನು ಕಾಪಾಡುವುದನ್ನೂ ಅವರೇ ಕಲಿಸಿದರು. ಅದಕ್ಕಿಂತ ಮೊದಲು ಒಂದು ದಿನ ಬಚ್ಚಲಲ್ಲಿ ಆ ಕೈ ಬಿಸಿ ಹಂಡೆಗೆ ತಾಗಿ ಬೊಬ್ಬೆ ಬಂದಿತ್ತು. ಅಪ್ಪನಿಗೆ ಗೊತ್ತೇ ಇರಲಿಲ್ಲ. ಸೋತ ಕೈ ಹಿಡಿದು ಎಳೆದು ಏಳಿಸಬಾರದು, ಭುಜದ ಕೀಲು ಜಾರುತ್ತದೆ ಅಂತ ತೋರಿಸಿಕೊಟ್ಟರು. ಬೆರಳು ಊದಿಕೊಳ್ಳುತ್ತಿತ್ತು, ಉಂಗುರ ತೆಗೆದು ಅವ್ವನ ಕೈಗೆ ಕೊಟ್ಟರು.

ಒಂದು ಭಾನುವಾರ ನಾನು ಮಾಡಿದ್ದನ್ನು ಹೇಳಲೇಬೇಕು. 1978ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಇಂಥ ಇಬ್ಬರು ರೋಗಿಗಳಿಗೆ, ಊರಿನ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ನೆನೆಸಿಕೊಂಡು ಹೇಳಿ ಅಂದಿದ್ದರಂತೆ. ಒಂದು ತುದಿಯಲ್ಲಿ ನಿಂತ ಹಾಗೆ ಅಂದುಕೊಂಡಾಗ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಎದುರು ತುದಿಯಲ್ಲಿ ನಿಂತ ಹಾಗೆ ಅಂದುಕೊಂಡಾಗ, ಮೊದಲು ಬಿಟ್ಟದ್ದನ್ನು ಹೇಳಿದರು. ಮೈಸೂರಿನಿಂದ ಬರುವ ಥೆರಪಿಸ್ಟ್ ಇದನ್ನು ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಪ್ಪ, ಕಣ್ಣು ಮುಚ್ಚಿ. ಗೇಟಿನಲ್ಲಿ ಮನೆ ಕಡೆ ಮುಖ ಮಾಡಿ ನಿಂತಿದ್ದೀರಿ. ಏನೇನಿದೆ ಹೇಳಿ."

"ಕೊಟ್ಟಿಗೆ. ಬಾವಿ. ಸೌದೆ ಮನೆ. ಬಕ್ಕೆ ಹಲಸಿನ ಮರ."

"ಮತ್ತೆ?"

"ಮತ್ತೇನಿದೆ? ಅಷ್ಟೇ."

ಎಲ್ಲ ಬಲಗಡೆಯದ್ದು. ಎಡಗಡೆ ಕಣ ಇದೆ. ಮೂವತ್ತು ವರ್ಷದ ಹಿಂದೆ ಅಪ್ಪನೇ ನಿಂತು ಸಿಮೆಂಟ್ ಹಾಕಿಸಿದ ಕಣ. ಅದರ ಪಕ್ಕ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆ, ಅದರಾಚೆ ಅವರೇ ನೆಟ್ಟ ಸಿಲ್ವರ್ ಓಕ್ ಸಾಲು, ಮೆಣಸಿನ ಬಳ್ಳಿ. ಒಂದೂ ಬರಲಿಲ್ಲ. ನಾನು ಉಸಿರು ಬಿಗಿಹಿಡಿದು, "ಈಗ ಜಗುಲಿಯಲ್ಲಿ ಗೇಟಿನ ಕಡೆ ಮುಖ ಮಾಡಿ ನಿಂತಿದ್ದೀರಿ" ಅಂದೆ.

"ಕಣ" ಅಂದರು ತಕ್ಷಣ. "ಕಣದಲ್ಲಿ ಕಾಫಿ ಇದೆ. ಪಲ್ಪರ್ ಮನೆ. ಓಕ್ ಮರದಲ್ಲಿ ಈ ವರ್ಷ ಮೆಣಸು ಚೆನ್ನಾಗಿ ಹಿಡಿದಿದೆ."

ಕೊಟ್ಟಿಗೆಯೂ ಇಲ್ಲ, ಬಾವಿಯೂ ಇಲ್ಲ ಈಗ. ನೆನಪು ಎಲ್ಲೂ ಹೋಗಿರಲಿಲ್ಲ. ಮನಸ್ಸಿನೊಳಗಿನ ಅಂಗಳದಲ್ಲೂ ಎಡಗಡೆ ಅನ್ನುವುದು ಅಳಿಸಿಹೋಗಿತ್ತು, ಅಷ್ಟೇ. ಅಪ್ಪನಿಗೆ ಕತ್ತಲೆಯಲ್ಲೂ ಕಾಲು ತಪ್ಪದ ಅಂಗಳ ಅದು.

ಕನ್ನಡಿಯದ್ದು ಮಾರ್ಚ್ ಮೊದಲ ವಾರ. ಅವ್ವನ ಮದುವೆಯ ಬೀರುವಿನ ಬಾಗಿಲಿಗೆ ನಿಲುಗನ್ನಡಿ ಇದೆ. ಮೇಡಂ ಅಪ್ಪನ ಕುರ್ಚಿಯನ್ನು ಅದರ ಮುಂದೆ ಇಟ್ಟರು. ಎಡಗೈಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಇಟ್ಟು, ಕನ್ನಡಿಯೊಳಗೆ ಬೆರಳು ತೋರಿಸಿ, "ಈ ಕೈ ಯಾರದ್ದು?" ಅಂದರು. "ನನ್ನದು." ಆಮೇಲೆ ಕನ್ನಡಿಗೆ ದುಪ್ಪಟಿ ಹೊದಿಸಿ, "ಕೆಳಗೆ ನೋಡಿ ತಾತಾ. ಇದು?" ಅಪ್ಪ ತೊಡೆ ನೋಡಿಕೊಂಡರು. "ಇದು ನನ್ನ ತಮ್ಮನದು." ದುಪ್ಪಟಿ ತೆಗೆದರೆ ಮತ್ತೆ "ನನ್ನದು." ಎರಡು ನಿಮಿಷದೊಳಗೆ ಒಂದೇ ಕೈ ಇಬ್ಬರದ್ದಾಯಿತು. ನಮ್ಮನ್ನು ನಾವು ಒಳಗಿನಿಂದ ಅರಿಯುವುದೇ ಬೇರೆ, ಬೇರೆಯವರು ನೋಡುವ ಹಾಗೆ ಹೊರಗಿನಿಂದ ನೋಡಿಕೊಳ್ಳುವುದೇ ಬೇರೆ, ಅಪ್ಪನಲ್ಲಿ ಎರಡನೇ ದಾರಿ ಉಳಿದಿದೆ ಅಂದರು ಮೇಡಂ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಕನ್ನಡಿಯ ಮುಂದೆ ರೋಗಿಗಳು ಹೀಗೇ ಹೇಳಿದ್ದರಂತೆ. ಅಂದಿನಿಂದ ದಿನಾ ಹತ್ತು ನಿಮಿಷ ಬೀರುವಿನ ಮುಂದೆ. ತಲೆ ಬಾಚುವುದು, ಅಂಗಿ ಗುಂಡಿ ಹಾಕುವುದು, ಎಡಗೈಗೆ ಎಣ್ಣೆ ಹಚ್ಚುವುದು, ಎಲ್ಲ ಅಲ್ಲೇ.

ಮೂರು ವಾರ ಆದ ಮೇಲೆ ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ತೋರಿಸಿದರು. ನಮ್ಮನ್ನು ಕೇಳಿಯೇ ತೆಗೆದದ್ದು. ಅದೇ ಚಪ್ಪಾಳೆ. ಅಪ್ಪ ಫೋನ್ ಹಿಡಿದು ನೋಡಿದರು. "ಪಾಪ, ಇವರಿಗೆ ಎಡಗೈ ಬರ್ತಾ ಇಲ್ಲ" ಅಂದರು. ಇನ್ನೊಂದು ಸಲ ಹಾಕು ಅಂದರು. ನೋಡುತ್ತಾ ನೋಡುತ್ತಾ ಬಲಗೈಯ ಹೆಬ್ಬೆರಳು ನಿಂತಿತು. ಕತ್ತು ಬಗ್ಗಿಸಿ ತಮ್ಮ ತೊಡೆ ಮೇಲಿದ್ದ ಕೈ ನೋಡಿದರು.

"ಇದು ನಾನೇ ಅಲ್ವಾ?"

"ಹೌದು ಅಪ್ಪ."

"ಯಾವಾಗಿನಿಂದ ಹೀಗೆ?"

ಎರಡೂವರೆ ತಿಂಗಳು ನಾವೆಲ್ಲ ಅದನ್ನೇ ಹೇಳುತ್ತಿದ್ದೆವು. ಆದರೂ ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಗಂಟಲು ಕಟ್ಟಿತು. ಜನವರಿಯಿಂದ ಅಂದೆ.

ಗೊತ್ತಾದ ದಿನದಿಂದ ಸಂಕಟ ಶುರುವಾಗುತ್ತದೆ, ಆಗ ಒಬ್ಬರೇ ಬಿಡಬೇಡಿ ಅಂತ ಮೇಡಂ ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ಅದೇ ವಾರ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು, ಮನೆಯೊಳಗೆ ತನಕ ಪರಿಮಳ. ಅಪ್ಪ ಕಿಟಕಿ ಹಾಕಿ ಅಂದರು. ಊಟ ಬಿಟ್ಟರು, ರಾತ್ರಿ ಅಳುತ್ತಿದ್ದರು. ಡಾಕ್ಟರಿಗೆ ತೋರಿಸಿ ಮನಸ್ಸಿಗೂ ಮಾತ್ರೆ ಕೊಡಿಸಿದೆವು. ಮೇಡಂ ಆ ಎರಡು ವಾರ ವ್ಯಾಯಾಮ ಕಡಿಮೆ ಮಾಡಿ ಸುಮ್ನೆ ಕೂತು ಮಾತಾಡಿ ಹೋಗುತ್ತಿದ್ದರು, ದುಡ್ಡು ಅರ್ಧ ಮಾತ್ರ ತೆಗೆದುಕೊಂಡರು. ನಾವು ಕೇಳಿರಲಿಲ್ಲ.

ಈ ಅರಿವಿಲ್ಲದ ಸ್ಥಿತಿ ಹೆಚ್ಚಿನವರಲ್ಲಿ ಮೊದಲ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿಯೇ ಕಡಿಮೆ ಆಗುವುದೂ ಉಂಟು. ಮೇಡಂ ಅವರೇ ಇದನ್ನು ಹೇಳಿದರು. ಎಲ್ಲ ತಮ್ಮಿಂದಲೇ ಆಯಿತು ಅನ್ನಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ.

ಇನ್ನು ಖರ್ಚು. ಒಂದು ಗಂಟೆಗೆ 600 ರೂಪಾಯಿ, ಪೆಟ್ರೋಲಿಗೆ 250. ಸುಮಾರು 40 ಕಿಲೋಮೀಟರ್ ಬರಬೇಕು, ಹಾಗಾಗಿ ಪೆಟ್ರೋಲ್ ದುಡ್ಡು ನ್ಯಾಯವೇ. ವಾರಕ್ಕೆ ಮೂರು ಸಲ ಅಂದರೆ ಸಣ್ಣ ಬೆಳೆಗಾರರಿಗೆ ಭಾರ. ನಾವು ಏಪ್ರಿಲ್‌ನಿಂದ ವಾರಕ್ಕೆ ಒಂದು ಸಲಕ್ಕೆ ಇಳಿಸಿ, ಉಳಿದ ದಿನ ಅವ್ವ ಮತ್ತು ತಮ್ಮ ಮಾಡಿಸುವ ಹಾಗೆ ಕಲಿತೆವು. ವ್ಯಾಯಾಮದ ಚೀಟಿ ಮೊದಲು ಇಂಗ್ಲಿಷಿನಲ್ಲಿ ಕೊಟ್ಟಿದ್ದರು, ಅವ್ವನಿಗೆ ಏನು ಪ್ರಯೋಜನ? ಕೇಳಿದ ಮೇಲೆ ಕನ್ನಡದಲ್ಲಿ ಚಿತ್ರ ಹಾಕಿ ಬರೆದುಕೊಟ್ಟರು, ಅದಕ್ಕೂ ಮೂರು ವಾರ ಹಿಡಿಯಿತು. ಜೂನ್, ಜುಲೈ ಮಳೆಯಲ್ಲಿ ಐದು ಸಲ ಬರಲಿಲ್ಲ. ಮರ ಬಿದ್ದು ರಸ್ತೆ ಬಂದ್ ಆದರೆ ಯಾರೇನು ಮಾಡಲು ಸಾಧ್ಯ, ಒಪ್ಪುತ್ತೇನೆ. ಆದರೆ ಎರಡು ಸಲ ಫೋನೂ ಮಾಡಲಿಲ್ಲ. ಅಪ್ಪ ಅಂಗಿ ಬದಲಾಯಿಸಿ ಕನ್ನಡಿ ಮುಂದೆ ಕಾದು ಕೂತಿದ್ದರು. ಇದಕ್ಕೂ, ಮೊದಲ ನಾಲ್ಕು ಸಲದ ಗದರಿಕೆಗೂ ಸೇರಿಸಿ ಒಂದು ಸ್ಟಾರ್ ಕಳೆದಿದ್ದೇನೆ.

ನಿಮ್ಮ ಮನೆಯಲ್ಲೂ ಮೆದುಳಿನ ಬಲಗಡೆ ಸ್ಟ್ರೋಕ್ ಆದವರಿದ್ದರೆ, ಯಾವ ಥೆರಪಿಸ್ಟನ್ನು ಕರೆಸಿದರೂ ಫೋನಿನಲ್ಲೇ ಹೇಳಿ: ಎಡಗಡೆ ಊಟ ಬಿಡ್ತಾರೆ, ಕೈ ತನ್ನದಲ್ಲ ಅಂತಾರೆ, ಏನೂ ಆಗಿಲ್ಲ ಅಂತಾರೆ. ಅದಕ್ಕೆ ಏನು ಮಾಡ್ತೀರಿ ಅಂತ ಕೇಳಿ. ಮನಸ್ಸು ಮಾಡಬೇಕು ಅಷ್ಟೇ ಅಂತ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ನಾವು ಗಾಳಿ, ಹುಚ್ಚು ಅನ್ನಿಸಿಕೊಳ್ಳಲು ಹೆದರಿ ಮೂರು ವಾರ ಕಳೆದೆವು.

ಮೊನ್ನೆ ಆಗಸ್ಟ್ 3ಕ್ಕೆ ಆಟಿ ಸೊಪ್ಪಿನ ಪಾಯಸ ಮಾಡಿದ್ದೆವು. ಅಪ್ಪ ಮೇಜಿನ ಮುಂದೆ ಕೂತು, ಬಲಗೈಯಿಂದ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಎತ್ತಿ ಬಟ್ಟಲಿನ ಪಕ್ಕ ಇಟ್ಟುಕೊಂಡರು. ಯಾರೂ ಹೇಳಿರಲಿಲ್ಲ. ಕತ್ತು ತಿರುಗಿಸಿ ಕೆಂಪು ಟೇಪ್ ನೋಡಿದರು. ಆಮೇಲೆ ಅವ್ವನ ಕಡೆ ನೋಡಿ, "ನನ್ನ ಉಂಗುರ ಎಲ್ಲಿಟ್ಟಿದ್ದೀಯ?" ಅಂದರು. ಅವ್ವ ಬೀರುವಿನಿಂದ ತಂದಳು. ಬೆರಳು ಇನ್ನೂ ಊದಿಕೊಂಡಿದೆ, ಹತ್ತಲಿಲ್ಲ. ಕಿರುಬೆರಳಿಗೆ ಹಾಕಿದ್ದಾಳೆ. ಸಡಿಲ ಇದೆ ಅಂತ ಒಳಗಡೆ ನೂಲು ಸುತ್ತಿದ್ದಾಳೆ.